ಥೈರಾಯ್ಡ್ ಮಾತ್ರೆಯಿಂದ ಮೈಮೇಲೆ ಗುಳ್ಳೆ ಬಂತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಊರು ಕುಂದಾಪುರದ ಹತ್ತಿರ, ಮದುವೆಯಾದ ಮೇಲೆ ಮುಂಬೈ ಹತ್ತಿರದ ಡೊಂಬಿವಲಿ. ಯಜಮಾನರು ಹೋಟೆಲ್‌ನಲ್ಲಿ ಕ್ಯಾಶ್‌ಗೆ ಕೂರುತ್ತಾರೆ, ನಾನು ಮನೆಯಿಂದಲೇ ಹದಿನೈದು ಜನಕ್ಕೆ ಊಟದ ಡಬ್ಬ ಮಾಡಿ ಕೊಡುತ್ತೇನೆ. ಆರು ವರ್ಷದಿಂದ ಥೈರಾಯ್ಡ್‌ಗೆ 75ರ ಮಾತ್ರೆ ತಗೊಳ್ತಾ ಇದ್ದೆ. ಕಳೆದ ದೀಪಾವಳಿ ಹೊತ್ತಿಗೆ ಬಾಯಿಹುಣ್ಣು ಶುರುವಾಯಿತು. ಉಷ್ಣ ಅಂದುಕೊಂಡು ನಾಲ್ಕು ತಿಂಗಳು ಬಿ ಕಾಂಪ್ಲೆಕ್ಸ್, ಬಾರ್ಲಿ ನೀರು, ಪುನರ್ಪುಳಿ ಎಲ್ಲ ಆಯಿತು. ಆಮೇಲೆ ತಲೆ, ಎದೆ, ಬೆನ್ನಿನ ಮೇಲೆ ನೀರು ತುಂಬಿದ ಗುಳ್ಳೆಗಳು. ಬಯಾಪ್ಸಿ ಮಾಡಿ 'ಪೆಂಫಿಗಸ್ ವಲ್ಗ್ಯಾರಿಸ್' ಅಂದರು. ಈಗ ಸ್ಟಿರಾಯ್ಡ್ 40 ಮಿಲಿಗ್ರಾಂ, ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಝಥಯೋಪ್ರಿನ್. ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಕೂಡ ಬೇಕಾಗಬಹುದು ಅಂದಿದ್ದಾರೆ. ಇಷ್ಟೆಲ್ಲ ಥೈರಾಯ್ಡ್ ಮಾತ್ರೆಯಿಂದಲೇ ಬಂದದ್ದು ಅಂತ ನಾದಿನಿ ಹೇಳಿದ್ದಕ್ಕೆ ಹತ್ತು ದಿನದಿಂದ ಆ ಮಾತ್ರೆ ಬಿಟ್ಟಿದ್ದೇನೆ. ಪಕ್ಕದ ಮನೆಯವರು ಗೋಧಿ ಬಿಡಿ ಅನ್ನುತ್ತಾರೆ. ಅತ್ತೆ ನಾಗದೋಷ, ಸುಬ್ರಹ್ಮಣ್ಯಕ್ಕೆ ಹೋಗಬೇಕು ಅನ್ನುತ್ತಾರೆ. ಡಬ್ಬ ತೆಗೆದುಕೊಳ್ಳುತ್ತಿದ್ದ ಐದು ಜನ ಅಂಟುರೋಗ ಅಂತ ಬಿಟ್ಟುಬಿಟ್ಟರು. ಮಗಳಿಗೆ 16, ಅವಳಿಗೂ ಇದು ಬರುತ್ತದಾ? ಹೆಸರು ಹಾಕಬೇಡಿ.

ಉತ್ತರ: ನಾಳೆ ಬೆಳಿಗ್ಗೆಯಿಂದಲೇ ಥೈರಾಯ್ಡ್ ಮಾತ್ರೆ ಮತ್ತೆ ಶುರು ಮಾಡಿ. ಹೃದಯದ ತೊಂದರೆ ಇಲ್ಲ ಅಂತಾದರೆ ಅದೇ 75. ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ, ಹತ್ತು ದಿನ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳಿ. ಉಳಿದ ಮಾತು ಆಮೇಲೆ.

ಹತ್ತು ದಿನದಲ್ಲಿ ದೊಡ್ಡ ಅನಾಹುತ ಆಗಿರುವುದಿಲ್ಲ, ಹೆದರಬೇಡಿ. ಆ ಮಾತ್ರೆಯಲ್ಲಿರುವ ಲೆವೋಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು ಒಂದು ವಾರ ಬೇಕು. ಹಾಗಾಗಿ ಬಿಟ್ಟದ್ದು ಕೂಡಲೇ ಗೊತ್ತಾಗುವುದಿಲ್ಲ. 'ಬಿಟ್ಟೆ, ಏನೂ ಆಗಲಿಲ್ಲ ನೋಡಿ' ಅಂತ ಎಷ್ಟೋ ಜನ ಹೇಳುವುದು ಇದಕ್ಕೇ. ಎರಡು ತಿಂಗಳಾದ ಮೇಲೆ ಮೈ ಭಾರ, ಮಲಬದ್ಧತೆ, ಚಳಿ, ಕೂದಲು ಉದುರುವುದು ಒಂದೊಂದಾಗಿ ಬರುತ್ತವೆ. ನಿಮ್ಮ ವಿಷಯದಲ್ಲಿ ಅದೆಲ್ಲದರ ದೂರು ಸ್ಟಿರಾಯ್ಡಿನ ಮೇಲೆ ಹೋಗುತ್ತಿತ್ತು. ಆಮೇಲೆ ನೀವು ಅದನ್ನೂ ಬಿಡುತ್ತಿದ್ದಿರಿ. ಅದು ಮಾತ್ರ ನಿಜವಾಗಿ ಅಪಾಯ.

ಈಗ ನಾದಿನಿಯ ಮಾತಿಗೆ ಬರೋಣ. ಅವರು ಕೇಳಿದ್ದು ದಡ್ಡ ಪ್ರಶ್ನೆ ಏನಲ್ಲ. ಮಾತ್ರೆಯಿಂದ ಪೆಂಫಿಗಸ್ ಬರುವುದು ಉಂಟು. ಪೆನಿಸಿಲಮೈನ್, ಬಿಪಿಗೆ ಕೊಡುತ್ತಿದ್ದ ಕ್ಯಾಪ್ಟೊಪ್ರಿಲ್, ಇಂಥವುಗಳ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲೇ ಇದೆ. ಆದರೆ ನಿಮ್ಮ ಬಾಟಲಿಯ ಮಾತ್ರೆ ಆ ಪಟ್ಟಿಯದ್ದಲ್ಲ. ಅದರಲ್ಲಿರುವುದು ನಿಮ್ಮದೇ ಥೈರಾಯ್ಡ್ ಗ್ರಂಥಿ ಮಾಡಬೇಕಾಗಿದ್ದ ಹಾರ್ಮೋನು, ಅಣು ಅಣುವೂ ಅದೇ. ಗ್ರಂಥಿ ಮಾಡುತ್ತಿಲ್ಲ, ನೀವು ಹೊರಗಿನಿಂದ ಕೊಡುತ್ತಿದ್ದೀರಿ, ಅಷ್ಟೇ.

ಹಾಗಾದರೆ ಎರಡೂ ಒಬ್ಬರಿಗೇ ಬಂದದ್ದು ಸುಮ್ನೆ ಕಾಕತಾಳೀಯವಾ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಥೈರಾಯ್ಡ್ ಕೊರತೆ ನಮ್ಮಲ್ಲಿ ಎಷ್ಟು ಸಾಮಾನ್ಯ ಅಂದರೆ, ಯಾವ ಕಾಯಿಲೆಯವರನ್ನು ಕೂರಿಸಿ ಎಣಿಸಿದರೂ ಅವರಲ್ಲಿ ಕೆಲವರಿಗೆ ಅದು ಇದ್ದೇ ಇರುತ್ತದೆ. ಮುಂಬೈ, ಗೋವಾ, ಬೆಂಗಳೂರು ಸೇರಿ ದೇಶದ 8 ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷೆ ಮಾಡಿ 2013ರಲ್ಲಿ ಒಂದು ವರದಿ ಬಂತು. ನೂರಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಕಮ್ಮಿ ಇತ್ತು. ಪೆಂಫಿಗಸ್ ಇದಕ್ಕೆ ತದ್ವಿರುದ್ಧ, ತುಂಬಾ ಅಪರೂಪ. ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ನಾಲ್ಕೈದು ಹೊಸ ರೋಗಿಗಳು ಸಿಕ್ಕಿದ್ದರು. ಅಂದರೆ ಥೈರಾಯ್ಡ್ ಇದ್ದ ಮಾತ್ರಕ್ಕೆ ಯಾರೂ ಪೆಂಫಿಗಸ್‌ಗೆ ಹೆದರಬೇಕಾಗಿಲ್ಲ. ನಿಮ್ಮ ಕಟ್ಟಡದಲ್ಲೇ ಥೈರಾಯ್ಡ್ ಮಾತ್ರೆ ನುಂಗುವವರು ಹತ್ತು ಜನ ಇದ್ದಾರು. ಅವರಿಗೆ ಇದು ಬರುವ ಸಾಧ್ಯತೆ ತೀರಾ ಕಮ್ಮಿ.

ಆದರೆ ಈ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಪೆಂಫಿಗಸ್ ಬಂದವರಲ್ಲಿ ಥೈರಾಯ್ಡ್ ವಿರುದ್ಧದ ಆ್ಯಂಟಿಬಾಡಿಗಳು (ಸೋಂಕಿನ ವಿರುದ್ಧ ದೇಹ ಮಾಡುವ ಆಯುಧಗಳು, ಇಲ್ಲಿ ತನ್ನ ಮೇಲೇ ತಿರುಗಿದಂಥವು) ಬೇರೆಯವರಿಗಿಂತ ಜಾಸ್ತಿ ಕಾಣುತ್ತವೆ. ಬೇರೆ ಬೇರೆ ದೇಶದವರು ಇದನ್ನು ನೋಡಿ ಬರೆದಿದ್ದಾರೆ. ಅವರ ಅಕ್ಕತಂಗಿಯರಲ್ಲಿ, ಅಮ್ಮಂದಿರಲ್ಲಿ ಕೂಡ ಥೈರಾಯ್ಡ್, ಸಂಧಿವಾತ, ಇಂಥ ಸ್ವಯಂನಿರೋಧಕ ಕಾಯಿಲೆಗಳು, ಅಂದರೆ ದೇಹ ತನ್ನ ಮೇಲೇ ದಾಳಿ ಮಾಡುವ ಕಾಯಿಲೆಗಳು ಜಾಸ್ತಿ. ಒಂದು ಇನ್ನೊಂದನ್ನು ಹುಟ್ಟಿಸಲಿಲ್ಲ. ಎರಡೂ ಒಂದೇ ಮನೆತನದವು.

ಅದು ಹೇಗೆ ಅಂತ ಹೇಳುತ್ತೇನೆ. ನೀವು ರವಿಕೆಗೆ ಟಿಚ್ ಬಟನ್ ಹಾಕಿರುತ್ತೀರಲ್ಲ, ಒಂದು ಕಡೆ ಗುಂಡಿ, ಇನ್ನೊಂದು ಕಡೆ ಗುಳಿ, ಒತ್ತಿದರೆ ಟಿಚ್ ಅಂತ ಕೂರುತ್ತದೆ. ಚರ್ಮದ ಮೇಲ್ಪದರದಲ್ಲಿ ಪ್ರತಿಯೊಂದು ಜೀವಕೋಶವೂ ಪಕ್ಕದ ಜೀವಕೋಶಕ್ಕೆ ಇಂಥ ನೂರಾರು ಬಟನ್‌ಗಳಿಂದ ಅಂಟಿಕೊಂಡಿರುತ್ತದೆ. ಆ ಬಟನ್‌ನ ಒಂದು ಭಾಗಕ್ಕೆ ಡೆಸ್ಮೋಗ್ಲೀನ್ ಅಂತ ಹೆಸರು. ಅದರಲ್ಲಿ 1 ಮತ್ತು 3 ಅಂತ ಎರಡು ಬಗೆ ನಮಗೆ ಇಲ್ಲಿ ಮುಖ್ಯ. ಬಾಯಿಯ ಒಳಗೆ ಹೆಚ್ಚಾಗಿ 3ನೇ ಬಗೆ. ಚರ್ಮದಲ್ಲಿ ಎರಡೂ ಇವೆ. ನಿಮ್ಮ ದೇಹ 3ನೇ ಬಗೆಯ ವಿರುದ್ಧ ಆ್ಯಂಟಿಬಾಡಿ ಮಾಡಿತು, ಬಾಯಿಯ ಬಟನ್‌ಗಳು ಬಿಚ್ಚಿಕೊಂಡವು, ಹುಣ್ಣಾಯಿತು. ಚರ್ಮದಲ್ಲಿ ಆಗ 1ನೇ ಬಗೆ ಇನ್ನೂ ಗಟ್ಟಿಯಾಗಿ ಹಿಡಿದಿತ್ತು. ಕೆಲವು ತಿಂಗಳ ಮೇಲೆ ಅದರ ವಿರುದ್ಧವೂ ಆ್ಯಂಟಿಬಾಡಿ ಬಂತು, ಮೈಮೇಲೆ ಗುಳ್ಳೆ ಎದ್ದವು. ನಿಮ್ಮ ನಾಲ್ಕು ತಿಂಗಳ ಬಾಯಿಹುಣ್ಣಿನ ಕತೆ ಇಷ್ಟೇ. ಉಷ್ಣವೂ ಅಲ್ಲ, ಬಿ ಕಾಂಪ್ಲೆಕ್ಸ್ ಕೊರತೆಯೂ ಅಲ್ಲ. ಈ ಕಾಯಿಲೆಯಲ್ಲಿ ಬಹಳ ಜನರಿಗೆ ಬಾಯೇ ಮೊದಲು. ಮೂರು ವಾರ ದಾಟಿದ ಬಾಯಿಹುಣ್ಣನ್ನು ಯಾರಾದರೂ ಚರ್ಮದವರಿಗೋ ಹಲ್ಲಿನವರಿಗೋ ತೋರಿಸಲೇಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ. ನಮ್ಮ ಕರಾವಳಿಯವರು ಅಷ್ಟರಲ್ಲಿ ಮನೆಯಲ್ಲಿದ್ದ ಪುನರ್ಪುಳಿಯನ್ನೆಲ್ಲ ಖಾಲಿ ಮಾಡಿರುತ್ತಾರೆ.

ನಿಮ್ಮ ಕುತ್ತಿಗೆಯ ಗ್ರಂಥಿಯಲ್ಲೂ ಇದೇ ತರಹ ನಡೆದಿರುವ ಸಾಧ್ಯತೆ ಜಾಸ್ತಿ, ಆದರೆ ಗುರಿ ಬೇರೆ. ಅಲ್ಲಿ ದೇಹ ಟಿಪಿಒ ಎಂಬ ಪದಾರ್ಥದ ವಿರುದ್ಧ ಆ್ಯಂಟಿಬಾಡಿ ಮಾಡುತ್ತದೆ, ಗ್ರಂಥಿ ವರ್ಷಗಟ್ಟಲೆ ನಿಧಾನವಾಗಿ ಸವೆಯುತ್ತದೆ. ಇದನ್ನು 1912ರಲ್ಲಿ ಹಕಾರು ಹಾಶಿಮೊಟೊ ಎಂಬ ಜಪಾನಿ ಸರ್ಜನ್ ಮೊದಲು ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ಟಿಪಿಒ ಆ್ಯಂಟಿಬಾಡಿ ಬಂದು ಚರ್ಮದ ಬಟನ್ ಬಿಚ್ಚುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಎಂಬ ಒಂದೇ ಠಾಣೆಯಿಂದ ಎರಡು ಬೇರೆ ಬೇರೆ ವಿಳಾಸಕ್ಕೆ ಎರಡು ತಪ್ಪು ವಾರಂಟ್ ಹೊರಟ ಹಾಗೆ. ಠಾಣೆಯೇ ಯಾಕೆ ಹಾದಿ ತಪ್ಪಿತು ಅಂದರೆ, ಹುಟ್ಟಿನಿಂದ ಬಂದ ಕೆಲವು ಜೀನ್‌ಗಳು ಒಂದು ಕಾರಣ. ಉಳಿದದ್ದನ್ನು ಒಬ್ಬೊಬ್ಬರಲ್ಲಿ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ನೀವು ತಿಂದದ್ದು, ಮಾಡಿದ್ದು ಯಾವುದೂ ಕಾರಣ ಅಲ್ಲ.

ಹಾಗಾಗಿ ಟಿಪಿಒ ರಿಪೋರ್ಟಿನಲ್ಲಿ ದೊಡ್ಡ ಅಂಕಿ ಬಂದಿದ್ದರೆ ಅದನ್ನು ಇಳಿಸೋಕೆ ಹೋಗಬೇಡಿ. ಅಂಕಿಗೆ ಔಷಧ ಇಲ್ಲ, ಬೇಕಾಗಿಯೂ ಇಲ್ಲ. ನೋಡಬೇಕಾದ್ದು ಟಿಎಸ್‌ಎಚ್. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮಿದುಳಿನ ಕಡೆಯಿಂದ ಬರುವ ಹಾರ್ಮೋನು ಅದು, ಥೈರಾಯ್ಡ್ ಕಮ್ಮಿಯಾದರೆ ಅದು ಏರುತ್ತದೆ.

ಇಲ್ಲಿಂದ ಮುಂದಿನದು ನನ್ನ ಪ್ರಕಾರ ನಿಮ್ಮ ಪತ್ರದ ನಿಜವಾದ ವಿಷಯ, ನೀವು ಅದನ್ನು ಕೇಳಿಲ್ಲದಿದ್ದರೂ. ಎರಡು ಕಾಯಿಲೆ ಒಂದಕ್ಕೊಂದು ಜಗಳ ಆಡುವುದಿಲ್ಲ. ಜಗಳ ಆಡುವುದು ಎರಡರ ಮಾತ್ರೆಗಳು.

ಕೆಲವು ವರ್ಷದ ಹಿಂದೆ ಮುಲುಂಡ್‌ನಿಂದ ಬರುವ ನಿವೃತ್ತ ಟೀಚರ್ ಒಬ್ಬರಿಗೆ ಇದೇ ಪೆಂಫಿಗಸ್‌ಗೆ ನಾನು ಚಿಕಿತ್ಸೆ ಕೊಡುತ್ತಿದ್ದೆ. ಸ್ಟಿರಾಯ್ಡ್ ಕೊಟ್ಟಾಗ ಮೂಳೆ ಸವೆಯದಿರಲಿ ಅಂತ ಕ್ಯಾಲ್ಸಿಯಂ, ಹೊಟ್ಟೆ ಉರಿಯದಿರಲಿ ಅಂತ ಪ್ಯಾಂಟೊಪ್ರಝೋಲ್ ಬರೆದೆ. ಗುಳ್ಳೆ ಚೆನ್ನಾಗಿ ಇಳಿದವು. ಮೂರು ತಿಂಗಳಲ್ಲಿ ಅವರು ಮುಖ ಊದಿಸಿಕೊಂಡು, ಮೆಟ್ಟಿಲು ಹತ್ತೋಕೆ ಏದುಸಿರು ಬಿಡುತ್ತಾ ಬಂದರು. ಸ್ಟಿರಾಯ್ಡಿನ ಊತ ಅಂತ ನಾನು ಸಮಾಧಾನ ಹೇಳಿ ಕಳಿಸಿದೆ. ಮುಂದಿನ ಸಲ ಅವರ ಮಗಳು ಮಾತ್ರೆಯ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಇಟ್ಟಳು. ವಾರದ ಏಳು ಖಾನೆ. ಒಂದೊಂದು ಖಾನೆಯಲ್ಲೂ ಥೈರಾಯ್ಡ್, ಕ್ಯಾಲ್ಸಿಯಂ, ಸ್ಟಿರಾಯ್ಡ್, ಎಲ್ಲ ಒಟ್ಟಿಗೆ. ಎಲ್ಲವನ್ನೂ ಬೆಳಿಗ್ಗೆ ಕಾಫಿ ಜೊತೆ ಒಂದೇ ಗುಟುಕಿಗೆ ನುಂಗುತ್ತಿದ್ದರಂತೆ. ಟಿಎಸ್‌ಎಚ್ ಮಾಡಿಸಿದರೆ 18, ತುಂಬಾ ಜಾಸ್ತಿ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಹೋಗೋಕೆ ಬಿಟ್ಟಿರಲಿಲ್ಲ. ತಪ್ಪು ಅವರದಲ್ಲ, ನನ್ನದು. ಯಾವ ಮಾತ್ರೆ ಯಾವ ಹೊತ್ತಿಗೆ ಅಂತ ನಾನು ಕೇಳಿರಲೇ ಇಲ್ಲ. ಅಂದಿನಿಂದ ಚೀಟಿಯಲ್ಲಿ ಗಂಟೆ ಬರೆಯುತ್ತೇನೆ.

ನಿಮಗೂ ಬರೆಯುತ್ತೇನೆ. ಡೊಂಬಿವಲಿಯಲ್ಲಿ ನಿಮ್ಮ ಕಡೆ ನೀರು ಬೆಳಗಿನ ಜಾವವೇ ಬರುವುದಾದರೆ ಒಳ್ಳೆಯದಾಯಿತು. ಥೈರಾಯ್ಡ್ ಬಾಟಲಿಯನ್ನು ನೀರಿನ ಡ್ರಮ್ ಹತ್ತಿರವೇ, ಬಿಸಿಲು ತೇವ ತಾಗದ ಕಪಾಟಿನಲ್ಲಿ ಇಡಿ. ನಲ್ಲಿ ತಿರುಗಿಸುವಾಗ ಮಾತ್ರೆ, ಬರೀ ನೀರಿನ ಜೊತೆ. ನೀರು ತುಂಬಿ, ಅಂಗಳ ಒರೆಸಿ ಮುಗಿಯುವ ಹೊತ್ತಿಗೆ ಅರ್ಧ ಮುಕ್ಕಾಲು ಗಂಟೆ ಆಗಿರುತ್ತದೆ. ಆಮೇಲೆ ಕಾಫಿ. ಕಾಫಿಯೂ ಈ ಮಾತ್ರೆಯನ್ನು ತಡೆಯುತ್ತದೆ, ಅದಕ್ಕೇ ಈ ಕಾಯುವಿಕೆ. ಸ್ಟಿರಾಯ್ಡ್ ಬೆಳಗಿನ ತಿಂಡಿ ತಿಂದ ಮೇಲೆ, ಖಾಲಿ ಹೊಟ್ಟೆಗೆ ಬೇಡ. ರಾತ್ರಿ ತಗೊಂಡರೆ ನಿದ್ದೆ ಬರುವುದಿಲ್ಲ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೋ ರಾತ್ರಿ ಊಟಕ್ಕೋ, ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಇದೇ ಲೆಕ್ಕ. ಹೊಟ್ಟೆ ಉರಿಯ ಮಾತ್ರೆ ಕೂಡ ಥೈರಾಯ್ಡ್ ಮಾತ್ರೆ ಹೀರಿಕೊಳ್ಳುವುದನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಅದನ್ನು ಬಿಡಬೇಕಾಗಿಲ್ಲ, ಆರರಿಂದ ಎಂಟು ವಾರದ ಮೇಲೆ ಟಿಎಸ್‌ಎಚ್ ಮತ್ತೆ ನೋಡಿ ಡೋಸ್ ಸರಿಮಾಡಿದರೆ ಸಾಕು.

ಆ ಟಿಎಸ್‌ಎಚ್ ಓದುವಾಗಲೂ ಒಂದು ಎಚ್ಚರ. ಜಾಸ್ತಿ ಡೋಸಿನ ಸ್ಟಿರಾಯ್ಡ್ ತಾನಾಗಿಯೇ ಟಿಎಸ್‌ಎಚ್ ಅನ್ನು ಕೆಳಗೆ ಒತ್ತುತ್ತದೆ. ನೀವು 40 ಮಿಲಿಗ್ರಾಂನಲ್ಲಿ ಇರುವಾಗ ರಿಪೋರ್ಟಿನಲ್ಲಿ ಟಿಎಸ್‌ಎಚ್ ಕಮ್ಮಿ ಬಂದರೆ, 'ಥೈರಾಯ್ಡ್ ಜಾಸ್ತಿ ಆಯಿತು, ಮಾತ್ರೆ ಇಳಿಸಿ' ಅಂತ ಯಾರಾದರೂ ಅವಸರ ಮಾಡಬಹುದು. ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನದೇ ಲೆಕ್ಕ, ಅದನ್ನೂ ಜೊತೆಗಿಟ್ಟು ನೋಡಿ ಅಂತ ಕೇಳಿ. ಇನ್ನೊಂದು, ಕೂದಲಿಗೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಅದು ಲ್ಯಾಬಿನ ಯಂತ್ರವನ್ನೇ ದಾರಿ ತಪ್ಪಿಸುತ್ತದೆ, ಥೈರಾಯ್ಡ್ ಅಂಕಿಗಳು ಸುಳ್ಳೇ ಬರುತ್ತವೆ.

ಮೂಳೆಗೆ ವಾರಕ್ಕೊಂದು ಅಂತ ಅಲೆಂಡ್ರೊನೇಟ್ ಮಾತ್ರೆ ಕೆಲವರು ಬರೆಯುತ್ತಾರೆ. ಒಳ್ಳೆಯ ಔಷಧವೇ. ಆದರೆ ಅದು ಅನ್ನನಾಳವನ್ನು ಕೆರಳಿಸುತ್ತದೆ, ಪೆಂಫಿಗಸ್‌ನಲ್ಲಿ ಹುಣ್ಣು ಗಂಟಲಿನ ಒಳಗೂ ಇಳಿದಿರಬಹುದು. ನುಂಗುವಾಗ ನೋವಿದ್ದರೆ ಆ ಮಾತ್ರೆ ಶುರು ಮಾಡುವ ಮೊದಲು ಹೇಳಿಬಿಡಿ. ಬೇರೆ ದಾರಿ ಇದೆ.

ಇನ್ನು ಸ್ಟಿರಾಯ್ಡ್. ಇದರ ಬಗ್ಗೆ ನಮ್ಮ ಜನಕ್ಕೆ ಎಷ್ಟು ಹೆದರಿಕೆಯೋ ಅಷ್ಟೇ ಸಲುಗೆ. ಬಿಳಿ ಮಾತ್ರೆ ಅಂತ ಮೆಡಿಕಲ್‌ನಿಂದ ತಾವೇ ತಂದು ನುಂಗುವವರನ್ನೂ ನೋಡಿದ್ದೇನೆ, ಡಾಕ್ಟರ್ ಬರೆದರೂ ಕಸಕ್ಕೆ ಹಾಕುವವರನ್ನೂ ನೋಡಿದ್ದೇನೆ. 1950ರ ದಶಕದ ಆರಂಭದಲ್ಲಿ ಸ್ಟಿರಾಯ್ಡ್ ಬರುವವರೆಗೆ ಪೆಂಫಿಗಸ್ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಸುಟ್ಟ ಗಾಯದವರ ಹಾಗೆ ಮೈಯಿಂದ ನೀರು, ಪ್ರೋಟೀನ್ ಸೋರಿ, ಸೋಂಕು ತಗುಲಿ ಹೋಗುತ್ತಿದ್ದರು. ಆ ಕಾಲ ಈಗಿಲ್ಲ. ಹೊಸ ಗುಳ್ಳೆ ಬರುವುದು ನಿಂತು, ಹಳೆಯವು ಬಹುಪಾಲು ಒಣಗಿದ ಮೇಲೆ ಡೋಸ್ ಇಳಿಸುತ್ತಾ ಬರುತ್ತಾರೆ. ಇಳಿಸುವುದು ಡಾಕ್ಟರ್ ಕೆಲಸ. ನೀವಾಗಿಯೇ ಒಮ್ಮೆಲೆ ನಿಲ್ಲಿಸಿದರೆ ಗುಳ್ಳೆ ತಿರುಗಿ ಬರುವುದು ಒಂದು. ಅದಕ್ಕಿಂತ ದೊಡ್ಡದು, ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಗಳು ಅಷ್ಟರಲ್ಲಿ ಮಲಗಿಬಿಟ್ಟಿರುತ್ತವೆ. ವಾಂತಿ, ಸುಸ್ತು, ಬಿಪಿ ಕುಸಿತ, ಪ್ರಾಣಕ್ಕೇ ಬರಬಹುದು.

ನಮ್ಮ ದೇಶದ ಒಂದು ಹೆಮ್ಮೆಯ ವಿಷಯ ಇಲ್ಲಿ ಹೇಳಬೇಕು. ದೆಹಲಿಯ ಏಮ್ಸ್‌ನಲ್ಲಿದ್ದ ಡಾ. ಜೆ. ಎಸ್. ಪಸ್ರಿಚಾ ಅವರು 1980ರ ದಶಕದಲ್ಲಿ ಪಲ್ಸ್ ಚಿಕಿತ್ಸೆ ಅಂತ ಶುರು ಮಾಡಿದರು. 28 ದಿನಕ್ಕೊಮ್ಮೆ, ಸತತ ಮೂರು ದಿನ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ 100 ಮಿಲಿಗ್ರಾಂ ಡ್ರಿಪ್‌ನಲ್ಲಿ, ಅದರಲ್ಲಿ ಒಂದು ದಿನ ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೊಫಾಸ್ಫಮೈಡ್ ಕೂಡ. ಖರ್ಚು ಕಮ್ಮಿ. ದೇಶದ ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಪೆಂಫಿಗಸ್ ರೋಗಿಗಳು ಬದುಕಿದ್ದು ಇದರಿಂದಲೇ. ಸೈಕ್ಲೊಫಾಸ್ಫಮೈಡ್ ಅಂಡಾಶಯಕ್ಕೆ ಒಳ್ಳೆಯದಲ್ಲ, ಮುಟ್ಟು ನಿಂತುಹೋಗಬಹುದು ಎಂಬುದು ಅದರ ಕೊರತೆ.

ರಿಟುಕ್ಸಿಮ್ಯಾಬ್ ಕೆಲಸ ಮಾಡುವ ರೀತಿ ಬೇರೆ. ಆ್ಯಂಟಿಬಾಡಿ ಮಾಡುವ ಕೋಶಗಳ ತಾಯಿಬೇರಾದ ಬಿ ಕೋಶಗಳನ್ನೇ ಅದು ತೆಗೆದುಹಾಕುತ್ತದೆ. ಸಾಮಾನ್ಯವಾಗಿ ಒಂದು ಗ್ರಾಂನ ಎರಡು ಡ್ರಿಪ್, ನಡುವೆ ಎರಡು ವಾರ. ಫ್ರಾನ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಿಟುಕ್ಸಿಮ್ಯಾಬ್ ಜೊತೆಗೆ ಸ್ವಲ್ಪ ಕಾಲದ ಸ್ಟಿರಾಯ್ಡ್ ಪಡೆದವರಲ್ಲಿ ನೂರಕ್ಕೆ 89 ಜನ ಎರಡು ವರ್ಷದ ಹೊತ್ತಿಗೆ ಯಾವ ಔಷಧವೂ ಇಲ್ಲದೆ ಗುಣವಾಗಿದ್ದರು. ಬರೀ ಸ್ಟಿರಾಯ್ಡ್ ಪಡೆದವರಲ್ಲಿ ಅದು 34. ಮರುವರ್ಷ, 2018ರಲ್ಲಿ, ಅಮೆರಿಕದಲ್ಲಿ ಈ ಕಾಯಿಲೆಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ 2007ರಿಂದಲೇ ದೇಶೀ ರಿಟುಕ್ಸಿಮ್ಯಾಬ್ ಇದೆ, ಆದ್ದರಿಂದ ಬೆಲೆ ಮೊದಲಿನಷ್ಟಿಲ್ಲ. ಆದರೂ ಕ್ಯಾಶಿಯರ್ ಸಂಬಳಕ್ಕೆ ಅದು ಭಾರವೇ. ಖಾಸಗಿ ಆಸ್ಪತ್ರೆಯಲ್ಲಿ ಕೊಟ್ಟ ಎಸ್ಟಿಮೇಟ್ ನೋಡಿ ಕೈ ಚೆಲ್ಲಬೇಡಿ. ಮುಂಬೈಯ ಸಾರ್ವಜನಿಕ ಆಸ್ಪತ್ರೆಗಳಾದ ಸಯನ್, ಕೆಇಎಂ, ನಾಯರ್, ಜೆಜೆ, ಎಲ್ಲ ಕಡೆ ಚರ್ಮ ವಿಭಾಗ ಇದೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ರೇಷನ್ ಕಾರ್ಡ್ ಹಿಡಿದು ಕೇಳಿದರೆ ಟ್ರಸ್ಟ್‌ಗಳ ದಾರಿ ತೋರಿಸುತ್ತಾರೆ. ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದಿದ್ದರೆ ತಡ ಮಾಡದೆ ತಗೋ ಅಂತಲೇ ಹೇಳುತ್ತಿದ್ದೆ.

ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಒಳಗೆ ಅಡಗಿದ್ದ ವೈರಸ್ ಈ ಔಷಧದಿಂದ ಎದ್ದು ಕೂರುತ್ತದೆ. ಟಿಬಿಗೆ ಎದೆಯ ಎಕ್ಸ್‌ರೇ ಕೂಡ. ಮುಂಬೈಯಲ್ಲಿ ಅದನ್ನು ಮರೆಯುವ ಹಾಗೇ ಇಲ್ಲ. ನ್ಯುಮೋನಿಯಾ, ಫ್ಲೂ ಲಸಿಕೆ ಹಾಕಿಸುವುದಿದ್ದರೆ ಸಾಧ್ಯವಾದರೆ ಒಂದು ತಿಂಗಳು ಮೊದಲೇ.

ಇಷ್ಟಾದ ಮೇಲೂ ಥೈರಾಯ್ಡ್ ಮಾತ್ರೆ ಉಳಿಯುತ್ತದೆ. ರಿಟುಕ್ಸಿಮ್ಯಾಬ್ ಚರ್ಮವನ್ನು ಪೂರಾ ವಾಸಿ ಮಾಡಿದರೂ ಸವೆದುಹೋದ ಗ್ರಂಥಿ ತಿರುಗಿ ಬೆಳೆಯುವುದಿಲ್ಲ.

ಗೋಧಿಯ ಮಾತು. ಪಕ್ಕದ ಮನೆಯವರು ಮೊಬೈಲ್‌ನಲ್ಲಿ ಏನೋ ಓದಿರಬೇಕು, ಅದು ಪೂರ್ತಿ ಸುಳ್ಳಲ್ಲ, ಕಾಯಿಲೆ ಬೇರೆ. ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಅಂತ ಇನ್ನೊಂದು ಗುಳ್ಳೆ ಕಾಯಿಲೆ ಇದೆ. ಮೊಣಕೈ, ಮೊಣಕಾಲು, ಕುಂಡೆ ಮೇಲೆ ಸಣ್ಣ ಸಣ್ಣ ಗುಳ್ಳೆಗಳ ಗೊಂಚಲು, ತಡೆಯಲಾರದ ತುರಿಕೆ. ಅದು ಗೋಧಿಯ ಗ್ಲುಟೆನ್‌ನಿಂದ ಬರುವ ಕರುಳಿನ ತೊಂದರೆಯ ಜೊತೆಗಾರ. ಅದು ಬಂದವರಲ್ಲೂ ಥೈರಾಯ್ಡ್ ಕಾಯಿಲೆ ಇರುವವರು ಜಾಸ್ತಿ. ಅವರಿಗೆ ಗೋಧಿ ಬಿಡುವುದೇ ಔಷಧ. ನಿಮ್ಮ ಬಯಾಪ್ಸಿ ಪೆಂಫಿಗಸ್ ಅಂದಿದೆ. ಚಪಾತಿ ನಿಮಗೆ ವಿಷವಲ್ಲ. ಬಾಯಿಹುಣ್ಣಿಗೆ ಅದರ ಗಟ್ಟಿ ಅಂಚು ಚುಚ್ಚುತ್ತದೆ ಅಂತ ಬೇಕಾದರೆ ಬಿಡಿ.

ಬಯಾಪ್ಸಿ ಅಂದಾಗ, ಇಮ್ಯುನೋಫ್ಲೋರೆಸೆನ್ಸ್ ಅಂತ ಎರಡನೇ ತುಂಡು ಕಳಿಸಿದ್ದರಾ ಅಂತ ರಿಪೋರ್ಟ್‌ನಲ್ಲಿ ನೋಡಿ. ಗುಳ್ಳೆಯ ಪಕ್ಕದ ಚೆನ್ನಾಗಿರುವ ಚರ್ಮದಿಂದ ತೆಗೆಯುವ ತುಂಡು ಅದು. ಪೆಂಫಿಗಸ್ ಆದರೆ ಕೋಶಗಳ ಸುತ್ತ ಮೀನಿನ ಬಲೆಯ ಹಾಗೆ ಹಸಿರು ಗೆರೆಗಳು ಹೊಳೆಯುತ್ತವೆ. ಅದು ಆಗಿದ್ದರೆ ರೋಗ ಯಾವುದು ಎಂಬ ಅನುಮಾನ ಮುಗಿದ ಹಾಗೆ.

ವಯಸ್ಸಾದವರಿರುವ ಬೇರೆ ಓದುಗರಿಗೆ ಒಂದು ಮಾತು ಸೇರಿಸುತ್ತೇನೆ. ಎಪ್ಪತ್ತು ದಾಟಿದವರಿಗೆ ವಿಪರೀತ ತುರಿಕೆ, ಆಮೇಲೆ ಗಟ್ಟಿಯಾಗಿ ಉಬ್ಬಿದ ಗುಳ್ಳೆಗಳು ಬಂದರೆ ಅದು ಹೆಚ್ಚಾಗಿ ಬುಲ್ಲಸ್ ಪೆಂಫಿಗಾಯ್ಡ್. ಹೆಸರು ಹತ್ತಿರ, ಕಾಯಿಲೆ ಬೇರೆ ಅಂತ 1953ರಲ್ಲಿ ವಾಲ್ಟರ್ ಲಿವರ್ ತೋರಿಸಿಕೊಟ್ಟರು. ಅಲ್ಲಿ ಮೇಲ್ಪದರ ಇಡಿಯಾಗಿ ಕೆಳಪದರದಿಂದ ಎದ್ದು ಬರುತ್ತದೆ, ಪತ್ರೊಡೆಯ ಎಲೆ ಹಿಟ್ಟು ಬಿಟ್ಟ ಹಾಗೆ. ಅಂಥವರು ಶುಗರ್‌ಗೆ ವಿಲ್ಡಾಗ್ಲಿಪ್ಟಿನ್ ತರಹದ 'ಗ್ಲಿಪ್ಟಿನ್' ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಆ ಮಾತ್ರೆಗೂ ಈ ಗುಳ್ಳೆಗೂ ಸಂಬಂಧ ಇರುವುದು ಗೊತ್ತಾಗಿದೆ.

ಮನೆಯಲ್ಲಿ ಏನು ಮಾಡಬೇಕು? ಊಟಕ್ಕೆ ಗಂಜಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ತಣ್ಣಗಿನ ತಂಬುಳಿ. ಕೋರಿ ರೊಟ್ಟಿ, ಚಕ್ಕುಲಿ, ಬಿಸಿ ಸಾರು ಸ್ವಲ್ಪ ಕಾಲ ದೂರ. ಹಲ್ಲಿಗೆ ಮಕ್ಕಳ ಮೆತ್ತನೆ ಬ್ರಷ್, ಖಾರ ಇಲ್ಲದ ಪೇಸ್ಟ್. ನಾಲಿಗೆ ಮೇಲೆ ಮೊಸರಿನ ಹಾಗೆ ಬಿಳಿ ಪದರ ಕಂಡರೆ ಅದು ಸ್ಟಿರಾಯ್ಡ್‌ನಿಂದ ಬಂದ ಫಂಗಸ್, ಬೇರೆ ಔಷಧ ಬೇಕು. ಸ್ಟಿರಾಯ್ಡ್ ಇರುವಷ್ಟು ದಿನ ಉಪ್ಪು ಸಕ್ಕರೆ ಹಿಡಿತದಲ್ಲಿರಲಿ, ಶುಗರ್, ಬಿಪಿ ನೋಡಿಸುತ್ತಾ ಇರಿ, ವರ್ಷಕ್ಕೊಮ್ಮೆ ಕಣ್ಣೂ ತೋರಿಸಿ.

ಗುಳ್ಳೆ ಒಡೆದ ಜಾಗಕ್ಕೆ ಬಟ್ಟೆ ಅಂಟಿಕೊಂಡು ಎಳೆದಾಗ ಪ್ರಾಣ ಹೋದ ಹಾಗಾಗುತ್ತದೆ, ಅಲ್ವಾ? ಇದಕ್ಕೆ ನಮ್ಮ ಕೈಗೆಟುಕುವ ಒಂದು ಉಪಾಯ ಬಾಳೆ ಎಲೆ. ಇದು ಅಜ್ಜಿಮದ್ದು ಮಾತ್ರ ಅಲ್ಲ. ಸಯನ್ ಆಸ್ಪತ್ರೆಯಲ್ಲಿ ಡಾ. ಮಾಧುರಿ ಗೋರೆ ಮತ್ತವರ ಜೊತೆಯವರು ಸುಟ್ಟ ಗಾಯಗಳಿಗೆ ಬಾಳೆ ಎಲೆ ಕಟ್ಟಿ ನೋಡಿ 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಎಲೆ ಗಾಯಕ್ಕೆ ಅಂಟುವುದಿಲ್ಲ, ತೆಗೆಯುವಾಗ ನೋವಿಲ್ಲ, ಖರ್ಚೂ ಇಲ್ಲದಷ್ಟು ಕಮ್ಮಿ. ಪೆಂಫಿಗಸ್ ರೋಗಿಗಳನ್ನು ಬಾಳೆ ಎಲೆಯ ಮೇಲೆ ಮಲಗಿಸುವ ಪದ್ಧತಿ ನಮ್ಮ ವಾರ್ಡ್‌ಗಳಲ್ಲಿ ಹಳೆಯದು. ಮಾಟುಂಗಾ ಮಾರ್ಕೆಟ್ಟಿನಿಂದ ಎಳೆಯ ಎಲೆ ತಂದು, ಚೆನ್ನಾಗಿ ತೊಳೆದು, ಆವಿಯಲ್ಲಿ ಬಾಡಿಸಿ, ತಣ್ಣಗಾದ ಮೇಲೆ ನಯವಾದ ಮುಖ ಬೆನ್ನಿಗೆ ತಾಗುವ ಹಾಗೆ ಹಾಸಿ. ಕಡುಬಿಗೆ ಎಲೆ ಬಾಡಿಸಿ ಗೊತ್ತಿರುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಿನವೂ ಎಲೆ ಬದಲಿಸಿ. ದೊಡ್ಡ ಗುಳ್ಳೆಯ ನೀರನ್ನು ಆಸ್ಪತ್ರೆಯಲ್ಲಿ ಸೂಜಿಯಿಂದ ತೆಗೆಸಿ, ಮೇಲಿನ ಸಿಪ್ಪೆಯನ್ನು ಮಾತ್ರ ಕೀಳಬೇಡಿ. ಅದೇ ಅತ್ಯುತ್ತಮ ಬ್ಯಾಂಡೇಜ್. ಸಂಜೆ ಲೋಕಲ್‌ನ ನೂಕುನುಗ್ಗಲಿಗೆ ಸದ್ಯ ಹೋಗಬೇಡಿ, ಈ ಚರ್ಮ ಉಜ್ಜಿದಲ್ಲೇ ಜಾರುತ್ತದೆ. ಬ್ಯಾಗಿನ ಪಟ್ಟಿ, ಬಿಗಿ ರವಿಕೆ ಕೂಡ ಸಾಕು.

ಜ್ವರ, ಕೀವು, ಕೆಟ್ಟ ವಾಸನೆ, ಕಣ್ಣು ಕೆಂಪಾಗುವುದು, ನೀರು ಕೂಡ ನುಂಗಲಾಗದಿರುವುದು, ಕಪ್ಪು ಮಲ, ಇವುಗಳಲ್ಲಿ ಯಾವುದು ಬಂದರೂ ಅದೇ ದಿನ ಆಸ್ಪತ್ರೆ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದರೂ ಫೋನ್ ಮಾಡಿ.

ಅತ್ತೆಯವರ ಸುಬ್ರಹ್ಮಣ್ಯದ ಮಾತಿಗೆ ನಾನು ಅಡ್ಡ ಬರುವುದಿಲ್ಲ. ನಮ್ಮ ಕಡೆ ಚರ್ಮಕ್ಕೆ ಏನಾದರೂ ಬಂದರೆ ನಾಗನ ನೆನಪಾಗುವುದು ಹೊಸದೇನಲ್ಲ, ನನ್ನ ಅಮ್ಮನೂ ಹಾಗೇ. ಹರಕೆ ಹೊತ್ತುಕೊಳ್ಳಿ. ಹೋಗುವುದು ಗಾಯ ಒಣಗಿದ ಮೇಲೆ. ಹಸಿ ಗಾಯ ಇಟ್ಟುಕೊಂಡು ಕುಮಾರಧಾರೆಯಲ್ಲಿ ಮುಳುಗುವುದು ಬೇಡ. ಉಪವಾಸದ ದಿನವೂ ಸ್ಟಿರಾಯ್ಡ್ ತಪ್ಪಬಾರದು, ಊರಿಗೆ ಹೊರಟಾಗ ಹದಿನೈದು ದಿನದ ಮಾತ್ರೆ ಕೈಚೀಲದಲ್ಲೇ ಇರಲಿ, ಲಗೇಜಿನಲ್ಲಿ ಅಲ್ಲ.

ಮಗಳ ಬಗ್ಗೆ: ಪೆಂಫಿಗಸ್ ಹಾಗೆ ನೇರವಾಗಿ ತಾಯಿಯಿಂದ ಮಗಳಿಗೆ ಇಳಿಯುವುದಿಲ್ಲ. ಅವಳಿಗೆ ಡೆಸ್ಮೋಗ್ಲೀನ್ ಪರೀಕ್ಷೆ ಮಾಡಿಸಿ ದುಡ್ಡು ಹಾಳು ಮಾಡಬೇಡಿ. ಥೈರಾಯ್ಡ್ ಮಾತ್ರ ಕುಟುಂಬದಲ್ಲಿ ಹರಿಯುತ್ತದೆ, ಹೆಣ್ಣುಮಕ್ಕಳಲ್ಲಿ ಇನ್ನೂ ಜಾಸ್ತಿ. ಮುಟ್ಟು ಏರುಪೇರು, ಸುಸ್ತು, ಕುತ್ತಿಗೆ ದಪ್ಪ ಕಂಡರೆ ಒಂದು ಟಿಎಸ್‌ಎಚ್ ಸಾಕು.

ಕೊನೆಗೆ ಡಬ್ಬ. ಇದು ಅಂಟುರೋಗ ಅಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ನೀವು ಮಾಡಿದ್ದನ್ನು ತಿಂದರೆ, ಗುಳ್ಳೆಯ ನೀರು ತಾಗಿದರೂ ಯಾರಿಗೂ ಬರುವುದಿಲ್ಲ. ಯಜಮಾನರ ಹೋಟೆಲ್‌ನಲ್ಲಿ ಕೇಳಿದರೂ ಇದನ್ನೇ ಹೇಳಲಿ. ಕೈ ಬೆರಳುಗಳ ಮೇಲೆ ತೆರೆದ ಗಾಯ ಇದ್ದರೆ ಮಾತ್ರ ಒಣಗುವವರೆಗೆ ಹಿಟ್ಟು ಕಲಸಬೇಡಿ. ಸೋಂಕು ನಿಮಗೂ ತಗುಲಬಾರದು, ಊಟಕ್ಕೂ ಸೇರಬಾರದು. ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರ್ ಹತ್ತಿರ ಲೆಟರ್‌ಹೆಡ್ ಮೇಲೆ ಎರಡು ಸಾಲು ಬರೆಸಿಕೊಳ್ಳಿ. ಕನ್ನಡದಲ್ಲಿ ಬೇಡ, ಮರಾಠಿಯಲ್ಲಿ: 'ಹಾ ಆಜಾರ್ ಸಂಸರ್ಗಜನ್ಯ ನಾಹೀ'. ಸಹಿ, ಸೀಲು ಹಾಕಿಸಿ, ಬಿಟ್ಟುಹೋದ ಆ ಐದು ಮನೆಗೂ ಒಂದೊಂದು ಝೆರಾಕ್ಸ್ ಕಳಿಸಿ. ಜೊತೆಗೆ ಆ ದಿನದ ಪಲ್ಯವನ್ನೂ ಸ್ವಲ್ಪ ಕಳಿಸಿದರೆ ಇನ್ನೂ ಒಳ್ಳೆಯದು.